ಹನ್ನೊಂದು ಸೆಕೆಂಡು

ಮಾರ್ಚ್ ೧೯

ಪುಟ್ಟೀ,

ನೀನು ನಾಲ್ಕು ಸಲ ಫೋನು ಮಾಡಿದೆ. ನಾನು ಎತ್ತಲಿಲ್ಲ. ಮೊದಲ ಸಲ ಸ್ನಾನಕ್ಕೆ ಹೋಗಿದ್ದೆ, ಉಳಿದ ಮೂರು ಸಲ ಫೋನಿನ ಪಕ್ಕದಲ್ಲೇ ಕೂತಿದ್ದೆ. ಎತ್ತಿದ್ದರೆ ಹಿಂದಿನ ಸಲದ ಹಾಗೆ ಕಿರುಚಾಡುತ್ತಿದ್ದೆ. ನೀನು "ಅಪ್ಪಾ, ಬಿಪಿ" ಎನ್ನುತ್ತಿದ್ದೆ. ನಿನ್ನಮ್ಮ ನನ್ನ ಕೈಯಿಂದ ಫೋನು ಕಿತ್ತುಕೊಂಡು ಒಳಗೆ ಹೋಗುತ್ತಿದ್ದಳು. ಅದಕ್ಕೇ ಈ ಕಾಗದ. ಎರಡು ಬಸ್ಸಿನ ದೂರದಲ್ಲಿರುವ ಮಗಳಿಗೆ ಅಂಚೆಯಲ್ಲಿ ಕಾಗದ ಹಾಕುವವನು ಈ ಊರಲ್ಲಿ ನಾನೊಬ್ಬನೇ ಇರಬೇಕು. ಕಾಗದದ ಮೇಲೆ ನನಗೆ ಕಿರುಚಲು ಬರುವುದಿಲ್ಲ. ಮೂವತ್ತೊಂದು ವರ್ಷ ನಿಮ್ಮ ವಾಹಿನಿಯಲ್ಲಿ ಪರದೆಯ ಮೇಲಿನ ಅಕ್ಷರ ಬರೆದು ಹೊಟ್ಟೆ ಹೊರೆದವನು, ಎಷ್ಟೇ ಸಿಟ್ಟು ಬಂದರೂ ಸಾಲು ಸೊಟ್ಟಗಾಗುವುದಿಲ್ಲ. ಬರೆಯುವುದು ಹನ್ನೆರಡು ದಿನ ತಡವಾಯಿತು, ಅದಕ್ಕೆ ಬೇಸರ ಮಾಡಿಕೊಳ್ಳಬೇಡ. ಉಳಿದದ್ದಕ್ಕೆ ಬೇಕಾದರೆ ಮಾಡಿಕೋ.

ನಾವಿಬ್ಬರೂ ಆರೋಗ್ಯ. ನಿನ್ನಮ್ಮನ ಮಂಡಿ ಮೆಟ್ಟಿಲು ಹತ್ತುವಾಗ ಮಾತ್ರ ತಕರಾರು ಮಾಡುತ್ತದೆ. ಗೋಡೆಗೆ ಬಣ್ಣ ಹೊಡೆಸಬೇಕೆಂದು ಅವಳು ಹಟ ಹಿಡಿದಿದ್ದಾಳೆ. ಬಣ್ಣದವನು ಬಂದು ನೋಡಿ, ಬೀರುವಿನ ಮೇಲಿನ ಸಾಮಾನೆಲ್ಲ ಇಳಿಸಬೇಕು ಎಂದ. ಅಲ್ಲಿರುವ ಹಳೇ ಬೆಡ್‌ಶೀಟಿನ ಗಂಟನ್ನು ಯಾರೂ ಮುಟ್ಟಕೂಡದು ಎಂದೆ. "ಈ ಮನೆಗೆ ಬಂದಾಗಿನಿಂದ ಅದೇ ಮಾತು," ಎಂದಳು ನಿನ್ನಮ್ಮ. ಬಣ್ಣ ಮುಂದಕ್ಕೆ ಹೋಗಿದೆ.

ಈಗ ವಿಷಯಕ್ಕೆ ಬರುತ್ತೇನೆ.

ಟೀಚರಮ್ಮ ತೀರಿಕೊಂಡ ಸುದ್ದಿಯನ್ನು ನಿನಗೆ ಮೊದಲು ಹೇಳಿದವನು ನಾನು, ಬೆಳಿಗ್ಗೆ ಒಂಬತ್ತಕ್ಕೆ. ನೀನು ಫೋನಿನಲ್ಲೇ ಅತ್ತುಬಿಟ್ಟೆ. ಅಳದೆ ಇರುತ್ತೀಯಾ? ಶಾಲೆ ಬಿಟ್ಟ ಮೇಲೆ ನಿನ್ನಮ್ಮ ಕೆಲಸದಿಂದ ಬರುವ ತನಕ ಐದು ವರ್ಷ ನೀನು ಇದ್ದದ್ದು ಅವರ ಮನೆಯಲ್ಲಿ. ಟೀಚರತ್ತೆ, ಟೀಚರತ್ತೆ ಎಂದು ಅವರ ಹಿಂದೆ ಮುಂದೆ ಸುತ್ತುತ್ತಿದ್ದೆ. ನಿನ್ನ ಅಳು ಕೇಳಿ ನನಗೆ ಒಂದು ರೀತಿಯ ಸಮಾಧಾನವೂ ಆಯಿತು. ಸಂಜೆ ವಾರ್ತೆಯ ಮೇಜು ನಿನ್ನ ಕೈಯಲ್ಲಿದೆ, ಇನ್ನು ಯೋಚನೆಯಿಲ್ಲ, ಮಾಡಬೇಕಾದದ್ದನ್ನು ಇವಳು ಮಾಡಿಸುತ್ತಾಳೆ ಎಂದುಕೊಂಡೆ. ಕೆಳಗಿನ ಅಂಗಡಿಯ ಟೈಲರನ್ನು ಮೇಲಕ್ಕೆ ಕರೆದೆ. ಎದುರು ಮನೆಯ ದಂಪತಿಯನ್ನು ಕರೆದೆ. ಕುರ್ಚಿ ಸಾಲದೆ ನಿನ್ನಮ್ಮ ಸ್ಟೂಲು ತಂದಿಟ್ಟಳು. ಟೈಲರು ಕತ್ತಿನಲ್ಲಿ ಟೇಪು ನೇತುಹಾಕಿಕೊಂಡೇ ಬಂದು ಕೂತ.

ಏಳು ಗಂಟೆಗೆ ವಾರ್ತೆ ಶುರುವಾಯಿತು. ಮುಖ್ಯಾಂಶದಲ್ಲಿ ಬರಲಿಲ್ಲ. ಹೋಗಲಿ ಎಂದುಕೊಂಡೆ. ಆಟದ ಸುದ್ದಿ ಆಯಿತು, ಎಲ್ಲೋ ಸೇತುವೆ ಉದ್ಘಾಟನೆ ಆಯಿತು, ಮೃಗಾಲಯದಲ್ಲಿ ಯಾವುದೋ ಮರಿ ಹುಟ್ಟಿದ್ದೂ ಆಯಿತು. ಹವಾಮಾನಕ್ಕೆ ಮೊದಲು ಒಂದು ಫೋಟೋ ಬಂತು. ಮಧ್ಯದಲ್ಲಿ ಮೀಸೆ. ಅದೇ, 'ಮೆಟ್ಟಿಲು' ಧಾರಾವಾಹಿಯ ಹೀರೋ, ನಾವೆಲ್ಲ ಮೀಸೆ ಎಂದು ಕರೆಯುತ್ತಿದ್ದ ಮನುಷ್ಯ. ಅವನ ಭುಜದ ಪಕ್ಕದಲ್ಲಿ ಟೀಚರಮ್ಮನ ಅರ್ಧ ಮುಖ. ಉಳಿದರ್ಧ ಚೌಕಟ್ಟಿನ ಆಚೆ. ವಾರ್ತೆ ಓದುವ ಹುಡುಗಿ ಅವರ ಹೆಸರನ್ನು ಅರ್ಧ ನುಂಗಿ, "'ಮೆಟ್ಟಿಲು' ಧಾರಾವಾಹಿಯ ಸಂಭಾಷಣೆಯಲ್ಲಿ ನೆರವಾಗಿದ್ದ ನಿವೃತ್ತ ಶಿಕ್ಷಕಿ ಇಂದು ನಿಧನರಾದರು" ಎಂದಳು. ಆಮೇಲೆ ನಕ್ಕು, ನಾಳೆ ಮೋಡ ಇರುತ್ತದೆ ಎಂದಳು.

ಹನ್ನೊಂದು ಸೆಕೆಂಡು. ಗಡಿಯಾರ ನೋಡಿ ಹೇಳುತ್ತಿಲ್ಲ. ಧಾರಾವಾಹಿಯ ಕೊನೆಯಲ್ಲಿ ಬರುವ ಹೆಸರುಗಳ ರೋಲು ತಿರುಗಿಸಿದವನಿಗೆ ಸೆಕೆಂಡು ಎಣಿಸುವುದು ಕೈಗೇ ಅಂಟಿರುತ್ತದೆ.

ಟೈಲರು, "ಮುಗೀತಾ ಸಾರ್?" ಎಂದು ಕೇಳಿದ. ನಾನು ಟಿವಿ ಆರಿಸಿದೆ. ಎದುರು ಮನೆಯಾಕೆ ಪಾಪ, "ನಾಳೆ ದೊಡ್ಡದಾಗಿ ಹಾಕ್ತಾರೇನೋ" ಎಂದು ನನಗೇ ಸಮಾಧಾನ ಹೇಳಿದಳು.

ಆಮೇಲೆ ಫೋನಿನಲ್ಲಿ ನೀನು ಹೇಳಿದ್ದನ್ನು ನಾನು ಮರೆತಿಲ್ಲ. ನಿಮ್ಮಲ್ಲಿ ಸಾಯುವವರಿಗೂ ದರ್ಜೆ ಇದೆಯಂತೆ. ಮೊದಲ ದರ್ಜೆಯವರಿಗೆ ವಿಶೇಷ ಕಾರ್ಯಕ್ರಮ, ಬದುಕಿರುವಾಗಲೇ ಮಾಡಿ ಡಬ್ಬಿಯಲ್ಲಿಟ್ಟಿರುತ್ತೀರಿ. ಎರಡನೆಯವರಿಗೆ ತೊಂಬತ್ತು ಸೆಕೆಂಡು. ಮೂರನೆಯವರಿಗೆ ಸಮಯ ಉಳಿದರೆ. "ತೆರೆ ಮೇಲೆ ಕಾಣಿಸಿಕೊಂಡಿರಬೇಕು ಅಪ್ಪಾ, ಜನಕ್ಕೆ ಮುಖ ಗೊತ್ತಿರಬೇಕು" ಎಂದೆ. ಸರಿ. 'ಮೆಟ್ಟಿಲು' ನಿರ್ದೇಶಿಸಿದ ನಮ್ಮ ಸಾಹೇಬರು ಎರಡು ವರ್ಷದ ಹಿಂದೆ ಹೋದಾಗ ಅವರ ಮುಖ ಯಾರಿಗೆ ಗೊತ್ತಿತ್ತು? ಸಂಜೆಯೆಲ್ಲ ಪರದೆಗೆ ಕಪ್ಪು ಅಂಚು ಕಟ್ಟಿ, ಎರಡು ಗಂಟೆ ಅವರ ಗುಣಗಾನ ಮಾಡಿದಿರಿ. ಮೀಸೆಗೆ ಮಂಡಿಯ ಆಪರೇಷನ್ ಆದಾಗ ಎರಡು ನಿಮಿಷ ಕೊಟ್ಟಿರಿ, ಅವನು ಸತ್ತೂ ಇರಲಿಲ್ಲ. ಆ ಪೊಲೀಸ್ ಧಾರಾವಾಹಿಯ ನಾಯಿ ಸತ್ತಾಗ ಒಂದೂವರೆ ನಿಮಿಷ. ನಾಯಿಯ ಮೇಲೆ ನನಗೆ ಯಾವ ಸಿಟ್ಟೂ ಇಲ್ಲ, ಒಳ್ಳೆಯ ನಾಯಿ, ನಟರಿಗಿಂತ ಹೊತ್ತಿಗೆ ಸರಿಯಾಗಿ ಬರುತ್ತಿತ್ತು. ಆದರೆ ಆ ಕಥೆಯಲ್ಲಿ ನಾಯಿ ಇರಲಿ ಎಂದವರು ಯಾರು? ಟೀಚರಮ್ಮ. ಅವರು ಹುಟ್ಟಿಸಿದ ನಾಯಿ ಎರಡನೇ ದರ್ಜೆ, ಅವರು ಮೂರನೇ ದರ್ಜೆ.

ಅವರು ಏನು ಮಾಡಿದ್ದರೆಂದು ನಿನ್ನ ಮೇಜಿನವರಿಗೆ ಗೊತ್ತಿಲ್ಲ. ಇದನ್ನು ಓದಿ ಹೇಳು. ನಮ್ಮ ಸ್ಟುಡಿಯೋ ಆಗ ಒಂದು ಹಳೇ ಗೋದಾಮು. ಒಂದು ಸೆಟ್ಟು ಹಾಕಿದರೆ ಇನ್ನೊಂದಕ್ಕೆ ಜಾಗವಿಲ್ಲ. ಇದ್ದದ್ದು ಎರಡು ಕ್ಯಾಮೆರಾ, ಅದರಲ್ಲಿ ಒಂದಕ್ಕೆ ಸದಾ ಕಾಯಿಲೆ. ವಾರಕ್ಕೊಂದು ಧಾರಾವಾಹಿ ಬೇಕೇ ಬೇಕು ಎಂದು ಮೇಲಿನಿಂದ ಹುಕುಂ ಬಂದಾಗ ಎಲ್ಲರೂ ಕೈಚೆಲ್ಲಿ ಕೂತರು. ಮಕ್ಕಳ ಕಾರ್ಯಕ್ರಮಕ್ಕೆ ತಮ್ಮ ಶಾಲೆಯ ಹುಡುಗಿಯರನ್ನು ಕರೆತಂದಿದ್ದ ಟೀಚರಮ್ಮ ಮೂಲೆಯಲ್ಲಿ ನಿಂತು ಇದನ್ನೆಲ್ಲ ಕೇಳಿಸಿಕೊಳ್ಳುತ್ತಿದ್ದರು. "ಒಂದೇ ಸೆಟ್ಟು ಅಂದ್ರೆ ಮೆಟ್ಟಿಲು ಕಟ್ಟಿ. ನಾಲ್ಕು ಮನೆಯೋರು ಹತ್ತಲೇಬೇಕು, ಇಳೀಲೇಬೇಕು. ಜಗಳನೂ ಅಲ್ಲೇ ಆಗುತ್ತೆ, ರಾಜಿನೂ ಅಲ್ಲೇ ಆಗುತ್ತೆ," ಎಂದರು. 'ಮೆಟ್ಟಿಲು' ಹುಟ್ಟಿದ್ದು ಹಾಗೆ. ಮನೆಗಳ ಒಳಗೆ ಏನಾಯಿತೆಂದು ಐವತ್ತೆರಡು ವಾರದಲ್ಲಿ ಒಮ್ಮೆಯೂ ತೋರಿಸಲಿಲ್ಲ. ಮುಚ್ಚಿದ ಬಾಗಿಲಿನ ಹೊರಗೆ ನಿಂತವರ ಮುಖದಲ್ಲೇ ಎಲ್ಲ ತಿಳಿಯುತ್ತಿತ್ತು. ಮೇಲಿನ ಮನೆಯ ಮುದುಕಿಯ ಪಾತ್ರಕ್ಕೆ ನಟಿ ಸಿಗಲಿಲ್ಲ ಎಂದಾಗ, ಮುದುಕಿಯ ಕೋಲಿನ ಸದ್ದಷ್ಟೇ ಸಾಕು ಎಂದರು. ಆ ಕೋಲು ಕುಟ್ಟಿದವನು ನಾನು. ಊರಿಗೆ ಊರೇ ಆ ಮುದುಕಿಗೆ ಹೆದರುತ್ತಿತ್ತು.

ಮೀಸೆ ತನ್ನ ಮಾತನ್ನು ಎಳೆದೆಳೆದು ಉದ್ದ ಮಾಡಿದರೆ ಟೀಚರಮ್ಮ ಕೆಂಪು ಪೆನ್ನಿನ ಕ್ಯಾಪು ತೆಗೆಯುತ್ತಿದ್ದರು. "ಅಡುಗೆಮನೇಲಿ ಟಿವಿಗೆ ಬೆನ್ನು ಹಾಕಿ ನಿಂತಿದಾಳಲ್ಲ, ಅವಳು ತಿರುಗಿ ನೋಡ್ಬೇಕು. ಅದಕ್ಕೆ ಒಂದು ಮಾತು ಸಾಕು, ಭಾಷಣ ಬೇಡ." ಇವತ್ತಿಗೂ ನಿಮ್ಮಲ್ಲಿ ಧಾರಾವಾಹಿ ಬರೆಯುವವರಿಗೆ ಇದನ್ನೇ ಹೇಳಿಕೊಡುತ್ತಾರಂತೆ, ಸಾಹೇಬರ ಮಾತು ಎಂದು.

ಅವರು ಬರೆದದ್ದು ಎಲ್ಲಿದೆ ಎಂದು ನೀನು ಫೋನಿನಲ್ಲಿ ಕೇಳಿದೆ. ಮಕ್ಕಳ ಪರೀಕ್ಷೆಯ ಹಾಳೆಗಳ ಖಾಲಿ ಹಿಂಬದಿಯಲ್ಲಿ ಬರೆದು ತರುತ್ತಿದ್ದರು, ಬೆರಳಚ್ಚು ಆದ ಮೇಲೆ ಅದನ್ನೆಲ್ಲ ಸ್ಟುಡಿಯೋದಲ್ಲಿ ಬ್ರಷ್ಷು ಒರೆಸಲು ಬಳಸಿದೆವು. ಮುಂದಿನ ಏಳು ವರ್ಷ ಅವರು ಬರೆದ ಧಾರಾವಾಹಿಗಳಿಗೆ ನಾನು ಅವರ ಹೆಸರನ್ನು ಇಷ್ಟು ದಪ್ಪಕ್ಕೆ ಬರೆದಿದ್ದೆ. ಟೇಪು ಸಾಲದು ಎಂದು ಆ ಏಳು ವರ್ಷವನ್ನೂ ಅಳಿಸಿ ಅದರ ಮೇಲೆ ಫುಟ್‌ಬಾಲ್ ತುಂಬಿಕೊಂಡಿರಿ. ಉಳಿದದ್ದು 'ಮೆಟ್ಟಿಲು' ಒಂದೇ. ಈಗ ನೀನು ಹೇಳುತ್ತೀಯ, ಅದರಲ್ಲಿ ಅವರ ಹೆಸರಿಲ್ಲ, ಗೇಟಿನ ಹಳೇ ಪುಸ್ತಕದಲ್ಲಿ ಅವರ ಹೆಸರಿನ ಮುಂದೆ 'ನೆರವು' ಎಂದು ಬರೆದಿದೆ, ಅದಕ್ಕೇ ಹಾಗೆ ಓದಿಸಿದೆ ಎಂದು. ಗೇಟಿನವನು ಬರೆದದ್ದು ನಿನಗೆ ದಾಖಲೆ, ನಿನ್ನ ಅಪ್ಪ ಹೇಳಿದ್ದು ದಾಖಲೆಯಲ್ಲ.

"ಅವರ ಹೆಸರಿರೋ ಒಂದೇ ಒಂದು ಫ್ರೇಮ್ ತೋರಿಸು ಅಪ್ಪಾ. ಮಾರನೇ ದಿನವೇ ತಿದ್ದುಪಡಿ ಹಾಕಿಸ್ತೀನಿ." ಇದು ನಿನ್ನ ಮಾತು. ಮೇ ಒಂದಕ್ಕೆ ವಾಹಿನಿಗೆ ಐವತ್ತು ವರ್ಷವಂತೆ, 'ಮೆಟ್ಟಿಲು' ಮರುಪ್ರಸಾರವಂತೆ, ಹೆಸರುಗಳನ್ನೆಲ್ಲ ಹೊಸದಾಗಿ ಹಾಕುತ್ತೀರಂತೆ. ಕಥೆ, ಸಂಭಾಷಣೆ, ನಿರ್ದೇಶನ ಮೂರೂ ಸಾಹೇಬರ ಹೆಸರಿನಲ್ಲಿ. ಒಮ್ಮೆ ಹಾಗೆ ಹೋಯಿತೆಂದರೆ ಮುಗಿಯಿತು, ಇನ್ನು ಯಾರು ಬಂದು ಏನು ಹೇಳಿದರೂ ಅದೇ ಸತ್ಯವಾಗುತ್ತದೆ. ಅದಕ್ಕೆ ಮೊದಲು ಏನಾದರೂ ಮಾಡು. ನಾಚಿಕೆಯಾಗಬೇಕು ನಿಮಗೆಲ್ಲ.

ಊಟ ನಿದ್ದೆ ಸರಿಯಾಗಿ ಮಾಡು. ಸಿಟ್ಟು ಬೇರೆ, ನೀನು ಚೆನ್ನಾಗಿರಬೇಕು ಎನ್ನುವುದು ಬೇರೆ.

ನಿನ್ನ ಅಪ್ಪ

ಏಪ್ರಿಲ್ ೨

ಪುಟ್ಟೀ,

ನಿನ್ನ ಮೂರು ಸಾಲಿನ ಉತ್ತರ ಬಂತು. "ನೀನು ಹೇಳೋದನ್ನ ನಾನು ನಂಬ್ತೀನಿ ಅಪ್ಪಾ. ಆದರೆ ನನ್ನ ನಂಬಿಕೆನ ಪ್ರಸಾರ ಮಾಡೋಕಾಗಲ್ಲ. ಟೇಪ್ ಕೋಣೆಗೆ ಹೇಳಿದ್ದೀನಿ, ಹೋಗಿ ನೀನೇ ನೋಡು." ಓದಿ ನಿನ್ನಮ್ಮ, "ಮಗಳು ನಿಮ್ಮ ಹಾಗೇ, ಬರೆದ್ರೆ ಒಂದಕ್ಷರ ಹೆಚ್ಚಿಲ್ಲ," ಎಂದಳು. ನನಗೆ ಹೊಗಳಿದಳೋ ಬೈದಳೋ ತಿಳಿಯಲಿಲ್ಲ. ಉತ್ತರ ಬರೆಯಲು ಮತ್ತೆ ತಡ ಮಾಡಿದೆ, ಅದಕ್ಕೆ ಕಾರಣವಿದೆ, ಹೇಳುತ್ತೇನೆ.

ಹೋದ ಗುರುವಾರ ನಿಮ್ಮ ಕಟ್ಟಡಕ್ಕೆ ಬಂದಿದ್ದೆ. ನಿನ್ನ ಮಹಡಿಗೆ ಬರಲಿಲ್ಲ, ಬೇಕೆಂದೇ. ಗೇಟಿನಲ್ಲಿ ಒಬ್ಬ ಕಾವಲು ಹುಡುಗ ನನ್ನ ಫೋಟೋ ತೆಗೆದು, ಕುತ್ತಿಗೆಗೆ ಒಂದು ಪಟ್ಟಿ ನೇತುಹಾಕಿದ. ಅದರಲ್ಲಿ 'ಸಂದರ್ಶಕ' ಎಂದಿತ್ತು. ಮೂವತ್ತೊಂದು ವರ್ಷ ಅದೇ ಗೇಟಿನಲ್ಲಿ ಸೈಕಲ್ಲಿನಿಂದ ಇಳಿಯದೆ ಒಳಗೆ ಹೋಗುತ್ತಿದ್ದವನು ನಾನು.

ಟೇಪ್ ಕೋಣೆ ನೆಲಮಾಳಿಗೆಯಲ್ಲಿದೆ. ಅಲ್ಲಿ ವರ್ಷವಿಡೀ ಚಳಿ. ನೋಡಿಕೊಳ್ಳುವ ಹೆಂಗಸು ಸ್ವೆಟರ್ ಹಾಕಿಕೊಂಡು, ಬಿಳಿ ಕೈಗವಸು ತೊಟ್ಟು ಕೂತಿದ್ದಳು. ಬಹಳ ಮರ್ಯಾದಸ್ಥೆ. ನಾನು ಯಾರೆಂದು ತಿಳಿದು ಎದ್ದು ನಿಂತಳು. "ಈ ಅಕ್ಷರಗಳೆಲ್ಲ ನಿಮ್ದಾ ಸಾರ್? ನಾವು ಹೊಸ ಹೆಸರು ಹಾಕೋವಾಗ ಇದೇ ಥರ ಕಾಣ್ಬೇಕು ಅಂತ ಕಂಪ್ಯೂಟರಲ್ಲಿ ಎಷ್ಟು ಒದ್ದಾಡಿದ್ವಿ ಗೊತ್ತಾ," ಎಂದಳು. ಹೊಸದನ್ನು ತೋರಿಸಿದಳು. ನನ್ನ ಅಕ್ಷರವನ್ನೇ ಕದ್ದು, ಸಾಹೇಬರ ಹೆಸರನ್ನು ಮೂರು ಕಡೆ ಬರೆದಿದ್ದಾರೆ. 'ಕಥೆ' ಎನ್ನುವ ಪದದ ಎತ್ವ ಕೂಡ ನಾನು ಎಳೆಯುವ ಹಾಗೇ ಇದೆ. ಬೈಯಲು ಬಾಯಿ ತೆರೆದೆ. ಆದರೆ ಅವಳನ್ನು ಬೈದು ಏನು ಪ್ರಯೋಜನ, ಅವಳು ಆಗ ಹುಟ್ಟಿಯೇ ಇರಲಿಲ್ಲ.

ಹಳೇ ಕಂತುಗಳನ್ನು ಹಾಕಿಸಿದೆ. ಕಪ್ಪು ಕಾಗದದ ಮೇಲೆ ನನ್ನ ಬಿಳಿ ಅಕ್ಷರಗಳು ಕೆಳಗಿನಿಂದ ಮೇಲಕ್ಕೆ ಏರಿದವು. ನಿನಗೆ ಗೊತ್ತಲ್ಲ, ಆಗ ಕಂಪ್ಯೂಟರು ಗಿಂಪ್ಯೂಟರು ಇರಲಿಲ್ಲ. ಉದ್ದನೆಯ ಕಪ್ಪು ಕಾಗದದ ಮೇಲೆ ಎಲ್ಲರ ಹೆಸರು ಬರೆದು, ಎರಡು ಮರದ ಉರುಳೆಗಳಿಗೆ ಸುತ್ತಿ, ಕ್ಯಾಮೆರಾದ ಮುಂದಿಟ್ಟು ನಾನೇ ಹಿಡಿ ತಿರುಗಿಸುತ್ತಿದ್ದೆ. ಒಂದು ಹೆಸರಿಗೆ ನಾಲ್ಕು ಸೆಕೆಂಡು. ಇಡೀ ವರ್ಷಕ್ಕೆ ಅದೇ ರೋಲು. ಕಲಾವಿದರು, ಬೆಳಕು, ಧ್ವನಿ, ಸಂಗೀತ ಬಂದವು. ಸಂಗೀತ ಆದ ಮೇಲೆ ಪರದೆ ಖಾಲಿ. ನಾಲ್ಕು ಸೆಕೆಂಡು ಬರೀ ಕಪ್ಪು. ಆಮೇಲೆ 'ನಿರ್ದೇಶನ'.

"ಇಲ್ಲೊಂದು ಗ್ಯಾಪ್ ಇದೆ ನೋಡಿ ಸಾರ್," ಎಂದಳು ಆ ಹೆಂಗಸು. "ಎಲ್ಲಾ ಕಂತಲ್ಲೂ ಇದೇ ಜಾಗದಲ್ಲಿ ಇದೆ. ಟೇಪಿಂದೇ ಏನೋ ದೋಷ. ಮರುಪ್ರಸಾರಕ್ಕೆ ಕತ್ತರಿಸ್ತಾ ಇದ್ದೀವಿ."

ನಾನು ಇಪ್ಪತ್ಮೂರು ಕಂತು ನೋಡಿದೆ. ಅವಳು ಬೇಸರಿಸದೆ ಒಂದಾದ ಮೇಲೆ ಒಂದು ಹಾಕಿದಳು. ಇಪ್ಪತ್ಮೂರರಲ್ಲೂ ಅದೇ ನಾಲ್ಕು ಸೆಕೆಂಡು. ಆಮೇಲೆ ಕುಡಿಯಲು ನೀರು ಕೇಳಿ, ಕುಡಿದು, ಎದ್ದು ಬಂದೆ. ಛತ್ರಿ ಅಲ್ಲೇ ಬಿಟ್ಟಿದ್ದೇನೆ, ಸಿಕ್ಕರೆ ತೆಗೆದಿಡು.

ಮನೆಗೆ ಬರುವ ಬಸ್ಸು ಹತ್ತದೆ ಟೀಚರಮ್ಮನ ತಂಗಿಯ ಮನೆಗೆ ಹೋದೆ. ಕೊನೆಯ ಹತ್ತು ವರ್ಷ ಟೀಚರಮ್ಮ ಇದ್ದದ್ದು ಅವರ ಜೊತೆಯಲ್ಲೇ. ಅವರ ಕೋಣೆಯನ್ನು ಆಕೆ ಇನ್ನೂ ಖಾಲಿ ಮಾಡಿಲ್ಲ. ಕಿಟಕಿಯ ಹತ್ತಿರ ಮೇಜು, ಲೋಟದಲ್ಲಿ ಐದಾರು ಕೆಂಪು ಪೆನ್ನು, ಎಲ್ಲವೂ ಒಣಗಿವೆ. ಏನಾದರೂ ಹಸ್ತಪ್ರತಿ, ಏನಾದರೂ ಕಾಗದ ಇದೆಯೇ ಎಂದು ಕೇಳಿದೆ. "ಅಕ್ಕ ಯಾವುದನ್ನೂ ಇಟ್ಕೊಳ್ತಿರಲಿಲ್ಲ. ಬರೆದಾಯ್ತಲ್ಲ ಅಂತಿದ್ಲು," ಎಂದರು. ಟೀ ಮಾಡಿ ತಂದರು. ವಾಹಿನಿಯವರು ಒಂದು ಹೂವಿನ ಗುಚ್ಛ ಕಳಿಸಿದ್ದರಂತೆ. ಅದರ ಚೀಟಿಯಲ್ಲಿ 'ನಮ್ಮ ಮಾಜಿ ಸಂದರ್ಶಕ ಕಲಾವಿದೆಗೆ' ಎಂದು ಅಚ್ಚಾಗಿತ್ತು. ತಂಗಿ ಅದನ್ನು ನನಗೆ ತೋರಿಸಿ ನಕ್ಕರು. ನನಗೆ ನಗು ಬರಲಿಲ್ಲ. ಇಂಥ ಚೀಟಿ ಬರೆಯುವುದಕ್ಕೂ ನಿಮ್ಮಲ್ಲಿ ಒಬ್ಬರು ಸಂಬಳ ತಗೊಂಡು ಕೂತಿರುತ್ತಾರಾ?

ಆಮೇಲೆ ಅವರೇ ಒಂದು ಸಂಗತಿ ಹೇಳಿದರು. 'ಮೆಟ್ಟಿಲು' ಬರುತ್ತಿದ್ದ ಕಾಲದಲ್ಲಿ ಅಕ್ಕತಂಗಿಯರು ಪಕ್ಕದ ಮನೆಗೆ ಹೋಗಿ ನೋಡುತ್ತಿದ್ದರಂತೆ. ಹದಿನೈದು ಇಪ್ಪತ್ತು ಜನ ಸೇರುತ್ತಿದ್ದರಂತೆ. "ಕಥೆ ಮುಗಿದು ಹೆಸರುಗಳು ಶುರುವಾಯ್ತು ಅಂದ್ರೆ ಅಕ್ಕ ಎದ್ದು ಒಳಗೆ ಹೋಗೋಳು, ನೀರು ಕುಡ್ಕೊಂಡು ಬರ್ತೀನಿ ಅಂತ. ಪ್ರತಿ ವಾರ. ಒಂದ್ಸಲ ಪಕ್ಕದ ಮನೆಯೋರು ಕೇಳೇ ಬಿಟ್ರು, ನಿಮ್ಮ ಹೆಸರು ಯಾಕಿಲ್ಲ ಅಂತ. ಅಕ್ಕ ಏನಂದ್ಲು ಗೊತ್ತಾ? ಅಕ್ಷರ ಬರೆಯೋರು ಅಲ್ಲಿ ಒಬ್ರೇ ಇರೋದು, ಪಾಪ ಕೈತುಂಬ ಕೆಲಸ, ಮುಂದಿನ ವಾರ ಹಾಕ್ತಾರೆ ಅಂದ್ಲು." ಟೀ ತಣ್ಣಗಾಗುತ್ತಿದೆ, ಕುಡಿಯಿರಿ ಎಂದು ನನಗೆ ಹೇಳಿದರು. ಆ ಮಾತಿನಲ್ಲಿ ಒಂದಿಷ್ಟೂ ಚುಚ್ಚು ಇರಲಿಲ್ಲ.

ಅಲ್ಲಿಂದ ಬಂದ ಮೇಲೆ ನಾಲ್ಕು ದಿನ ನಾನು ಯಾರ ಜೊತೆಯೂ ನೆಟ್ಟಗೆ ಮಾತಾಡಿಲ್ಲ. ಬಣ್ಣದವನ ಮೇಲೆ ರೇಗಿದೆ. ಟೈಲರು ನಮಸ್ಕಾರ ಎಂದದ್ದಕ್ಕೆ ಏನು ನಮಸ್ಕಾರ ಎಂದೆ. ನಿನ್ನಮ್ಮ ಮೂರು ದಿನ ಸಹಿಸಿಕೊಂಡು, ನಾಲ್ಕನೇ ದಿನ ಪಾತ್ರೆಯನ್ನು ಸದ್ದಾಗುವ ಹಾಗೆ ಕೆಳಗಿಟ್ಟು, "ಟಿವಿಯೋರ ಮೇಲಿನ ಸಿಟ್ಟು ಟಿವಿಯೋರ ಮೇಲಿರ್ಲಿ. ಇದು ಬೇರೆ ಯಾವುದೋ ಸಿಟ್ಟು," ಎಂದಳು. ಅವಳಿಗೆ ಎಲ್ಲವೂ ಗೊತ್ತಾಗುತ್ತದೆ, ಕಾರಣ ಮಾತ್ರ ಹೇಳಬೇಕಾಗುತ್ತದೆ. ಹೇಳಿದೆ. ಕೇಳಿ, ಒಲೆ ಆರಿಸಿದಳು. ಆಮೇಲೆ ಸ್ಟೂಲು ತಂದು ಬೀರುವಿನ ಮುಂದಿಟ್ಟಳು.

ನಿನ್ನ ಆರೋಗ್ಯ ನೋಡಿಕೋ. ಒಂದೇ ಸಮನೆ ಕೂತು ಕೆಲಸ ಮಾಡಬೇಡ, ಆಗಾಗ ಎದ್ದು ಓಡಾಡು. ನೀನು ಹುಟ್ಟಿದಾಗ ಟೀಚರಮ್ಮ ನಿನ್ನನ್ನು ಎತ್ತಿಕೊಂಡು, ಇವಳು ಕಣ್ಣು ಬಿಟ್ಟುಕೊಂಡು ಎಲ್ಲ ನೋಡ್ತಾಳೆ, ಇವಳ ಮುಂದೆ ಹುಷಾರು ಎಂದಿದ್ದರು. ಹಾಗೇ ಇರು. ನಮ್ಮಿಬ್ಬರ ಹಾರೈಕೆ ಯಾವಾಗಲೂ ನಿನ್ನ ಬೆನ್ನಿಗಿದೆ.

ನಿನ್ನ ಅಪ್ಪ

ಮರೆತದ್ದು: ಮರೆತದ್ದೇನೂ ಅಲ್ಲ. ಕಾಗದ ಮಡಚಿ ಲಕೋಟೆಗೆ ಹಾಕಿ, ಅಂಟು ಹಚ್ಚಲು ಹೋಗಿ, ಮತ್ತೆ ತೆಗೆದೆ.

ಆ ನಾಲ್ಕು ಸೆಕೆಂಡು ಟೇಪಿನ ದೋಷವಲ್ಲ. ಆ ಜಾಗದಲ್ಲಿ 'ಕಥೆ, ಸಂಭಾಷಣೆ' ಎಂದು ಬರೆದು, ಕೆಳಗೆ ಟೀಚರಮ್ಮನ ಹೆಸರು ಬರೆದಿದ್ದೆ. ಅಷ್ಟು ಚೆನ್ನಾಗಿ ನಾನು ಇನ್ನು ಯಾರ ಹೆಸರನ್ನೂ ಬರೆದಿರಲಿಲ್ಲ. ಮೊದಲ ಕಂತಿನ ಹಿಂದಿನ ದಿನ ಸಾಹೇಬರು ಬಂದು, ಅವರು ಸರ್ಕಾರಿ ಶಾಲೆಯವರು, ಹೊರಗಿನ ಕೆಲಸಕ್ಕೆ ಅಪ್ಪಣೆ ಪತ್ರ ಇನ್ನೂ ಬಂದಿಲ್ಲ, ಬರುವವರೆಗೆ ಹೆಸರು ಮುಚ್ಚು ಎಂದರು. ಗೇಟಿನ ಪುಸ್ತಕದಲ್ಲಿ 'ನೆರವು' ಎಂದು ಬರೆಸಿದ್ದೂ ಅದಕ್ಕೇ. ಅದೇ ಕಪ್ಪು ಕಾಗದದ ಒಂದು ತುಂಡು ಕತ್ತರಿಸಿ, ಅಂಚಿಗೆ ಮಸಿ ಸವರಿ, ಅವರ ಹೆಸರಿನ ಮೇಲೆ ಅಂಟಿಸಿದೆ. ಎರಡು ವಾರದ ಮಾತು ಎಂದು ಗೋಂದು ಹಾಕದೆ ಮೈದಾ ಅಂಟು ಹಾಕಿದೆ, ಒದ್ದೆ ಬಟ್ಟೆ ಇಟ್ಟರೆ ಕೆಳಗಿನ ಬಣ್ಣ ಕೆಡದೆ ಬಿಟ್ಟುಕೊಳ್ಳಲಿ ಎಂದು.

ಆರು ವಾರಕ್ಕೆ ಅಪ್ಪಣೆ ಪತ್ರ ಬಂತು. ಟೀಚರಮ್ಮ ಅದನ್ನು ಸಾಹೇಬರಿಗೆ ಕೊಡಲಿಲ್ಲ, ನೇರ ನನ್ನ ಮೇಜಿಗೆ ತಂದು ನನ್ನ ಕೈಗೆ ಕೊಟ್ಟರು. "ಇನ್ನು ತೆಗೀಬಹುದಲ್ವಾ?" ಎಂದರು. ಮುಖದಲ್ಲಿ ಅಷ್ಟು ಸಂತೋಷವಿತ್ತು. ಆ ಹೊತ್ತಿಗಾಗಲೇ ಪತ್ರಿಕೆಗಳು ಸಾಹೇಬರ ಕಥೆ, ಸಾಹೇಬರ ಮಾತು ಎಂದು ಬರೆಯತೊಡಗಿದ್ದವು. ಅದೇ ಮಧ್ಯಾಹ್ನ ಸಾಹೇಬರು ನನ್ನ ಹೆಗಲ ಮೇಲೆ ಕೈಯಿಟ್ಟು, "ಈ ತಿಂಗಳು ನಿನ್ನ ಕೆಲಸ ಕಾಯಂ ಮಾಡ್ತಾ ಇದ್ದೀನಿ. ರೋಲು ಚೆನ್ನಾಗೇ ಇದೆ, ಮುಟ್ಟೋಕೆ ಹೋಗ್ಬೇಡ," ಎಂದರು. ನೀನು ನಿನ್ನಮ್ಮನ ಹೊಟ್ಟೆಯಲ್ಲಿ ಏಳು ತಿಂಗಳು. ಇದು ನೆಪವಲ್ಲ, ನಡೆದದ್ದು ಹೇಳುತ್ತಿದ್ದೇನೆ. ಟೀಚರಮ್ಮನಿಗೆ ಮುಂದಿನ ವಾರ ತೆಗೆಯುತ್ತೇನೆ ಎಂದೆ. ಅವರು ಮತ್ತೆ ಕೇಳಲಿಲ್ಲ. ಅಷ್ಟಾದ ಮೇಲೂ ಐದು ವರ್ಷ ನನ್ನ ಮಗಳನ್ನು ನೋಡಿಕೊಂಡರು. ನಾನು ಸಂಜೆ ನಿನ್ನನ್ನು ಕರೆದುಕೊಂಡು ಹೋಗಲು ಬಂದಾಗೆಲ್ಲ ಟೀ ಕೊಟ್ಟರು.

ಬೀರುವಿನ ಮೇಲಿನ ಗಂಟು ಆ ರೋಲು. ನಾಳೆ ನಿನ್ನಮ್ಮ ಎರಡು ಬಸ್ಸು ಹಿಡಿದು ತಂದುಕೊಡುತ್ತಾಳೆ, ಒಳಗೆ ಅಪ್ಪ‌ಣೆ ಪತ್ರವೂ ಇದೆ, ತಾರೀಖು ನೋಡು. ಹೆಸರಿನ ಮೇಲೆ ಅಂಟಿಸಿದ ಕಪ್ಪು ಪಟ್ಟಿಯನ್ನು ನಾನು ತೆಗೆದಿಲ್ಲ. ತೆಗೆದುಕೊಟ್ಟರೆ ಮುದುಕ ಈಗ ಬರೆದದ್ದು ಎನ್ನುತ್ತಾರೆ. ಕ್ಯಾಮೆರಾದ ಮುಂದೆ ಇಟ್ಟು ತೆಗೆಸು. ಒದ್ದೆ ಬಟ್ಟೆಯನ್ನು ಚೆನ್ನಾಗಿ ಹಿಂಡಿ ಪಟ್ಟಿಯ ಮೇಲೆ ಹಾಕಿ, ಅರವತ್ತು ಎಣಿಸಿ, ಎಡಗಡೆ ಮೇಲಿನ ಮೂಲೆಯಿಂದ ಮೆಲ್ಲಗೆ ಎತ್ತಬೇಕು. ಉಗುರು ತಾಗಿಸಬಾರದು. ತಿದ್ದುಪಡಿಯ ಮಾತನ್ನು ಬೇರೆಯವರಿಗೆ ಬರೆಯಲು ಕೊಡಬೇಡ, ನೀನೇ ಬರಿ. ಮುಚ್ಚಿದವನು ಯಾರು, ಪತ್ರ ಕೈಗೆ ಬಂದ ಮೇಲೂ ತೆಗೆಯದವನು ಯಾರು ಎಂದು ನನ್ನ ಹೆಸರು ಹಾಕಿಯೇ ಬರಿ. ಅಪ್ಪ ಎಂದು ಮೆತ್ತಗೆ ಮಾಡಬೇಡ.

ನಿನ್ನ ಹನ್ನೊಂದು ಸೆಕೆಂಡಿಗೆ ನಾನು ಎಷ್ಟೊಂದು ಕುಣಿದಾಡಿದೆ. ಮೊದಲ ಆರು ವಾರ ಬಿಡು, ಅದು ಕಾನೂನು. ಉಳಿದ ನಲವತ್ತಾರು ವಾರ, ವಾರಕ್ಕೆ ನಾಲ್ಕೇ ಸೆಕೆಂಡು ಪುಟ್ಟೀ, ಆ ರೋಲು ತಿರುಗಿಸುತ್ತಿದ್ದವನು ನಾನು.